ಸ್ವಯಂಶಿಕ್ಷಿತ ಸಂಯೋಜಕ ಮತ್ತು ವಿದ್ಯುನ್ಮಾನ ವಾದ್ಯ: ಫ್ರಾಂಕ್ ಝಪ್ಪಾ ಅವರ ಸಂಗೀತಸಾಧನೆಯ ಐತಿಹಾಸಿಕ ಅವಲೋಕನ

ಪೀಠಿಕೆ

ನಮ್ಮ ಸಂಗೀತ ಪರಂಪರೆಯಲ್ಲಿ ಕೃತಿಯನ್ನು ರಚಿಸುವವನೂ ಅದನ್ನು ಮೊದಲು ಹಾಡುವವನೂ ಬಹುಮಟ್ಟಿಗೆ ಒಬ್ಬನೇ. ಮಾತು ಮತ್ತು ಧಾತು ಎರಡನ್ನೂ ನಿರ್ಮಿಸಬಲ್ಲವನನ್ನು ಶಾಸ್ತ್ರಗ್ರಂಥಗಳು ವಾಗ್ಗೇಯಕಾರನೆಂದು ಕರೆದಿವೆ. ದಾಸರ ಪದಗಳು ಅವರ ಕಂಠದಿಂದ ಹೊರಟು, ಶಿಷ್ಯರ ಬಾಯಿಂದ ಬಾಯಿಗೆ ಸಾಗಿ ಬಂದವು. ರಚನೆಗೂ ಶ್ರವಣಕ್ಕೂ ನಡುವೆ ಇದ್ದುದು ಒಂದು ತಂಬೂರಿ, ಒಂದು ಜೊತೆ ತಾಳ ಮಾತ್ರ. ಆದುದರಿಂದ ತಾನು ರಚಿಸಿದ ಸಂಗೀತವನ್ನು ರಚನಕಾರನೇ ವರ್ಷಗಟ್ಟಲೆ ಕಿವಿಯಾರೆ ಕೇಳಲಾಗದ ಸ್ಥಿತಿಯೊಂದು ಇರಬಹುದೆಂಬುದು ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಈ ಸ್ಥಿತಿ ಸಾಮಾನ್ಯವಾದುದು. ಅಲ್ಲಿ ಸಂಯೋಜಕನು ಕಾಗದದ ಮೇಲೆ ಸ್ವರಲಿಪಿಯನ್ನು ಬರೆಯುತ್ತಾನೆ. ಹತ್ತಾರು, ಕೆಲವೊಮ್ಮೆ ನೂರು ಮಂದಿ ವಾದಕರು ಅದನ್ನು ನುಡಿಸಿದಾಗಲೇ ಅದು ಸಂಗೀತವಾಗುತ್ತದೆ. ವಾದ್ಯವೃಂದವನ್ನು ಸೇರಿಸಲು ಹಣ ಬೇಕು, ಅಭ್ಯಾಸಕ್ಕೆ ಕಾಲ ಬೇಕು, ಸಂಯೋಜಕನ ಹೆಸರಿಗೆ ಸಂಸ್ಥೆಯೊಂದರ ಮನ್ನಣೆ ಬೇಕು. ಸಂಗೀತ ಶಾಲೆಯಲ್ಲಿ ಕಲಿತವನಿಗೆ ಈ ಮಾರ್ಗ ಕಷ್ಟದ್ದಾದರೂ ತೆರೆದಿರುತ್ತದೆ. ಗುರುವೂ ಇಲ್ಲದೆ, ಪದವಿಯೂ ಇಲ್ಲದೆ ತಾನಾಗಿಯೇ ಕಲಿತವನಿಗೆ ಅದು ಬಹುತೇಕ ಮುಚ್ಚಿದ ಬಾಗಿಲು. ವಿದ್ಯೆಯನ್ನು ಗ್ರಂಥಾಲಯದಿಂದ ಪಡೆಯಬಹುದು. ವಾದ್ಯವೃಂದವನ್ನು ಗ್ರಂಥಾಲಯದಿಂದ ಎರವಲು ತರಲಾಗದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಾಗಿಲನ್ನು ವಿದ್ಯುನ್ಮಾನ ವಾದ್ಯದ ಮೂಲಕ ತೆರೆಯಲು ಯತ್ನಿಸಿದವರಲ್ಲಿ ಅಮೆರಿಕದ ಫ್ರಾಂಕ್ ಝಪ್ಪಾ (೧೯೪೦-೧೯೯೩) ಪ್ರಮುಖರು. ರಾಕ್ ಸಂಗೀತಗಾರರೆಂದು ಲೋಕಪ್ರಸಿದ್ಧರಾದ ಅವರು ತಮ್ಮನ್ನು ಮೊದಲಿನಿಂದಲೂ ಸಂಯೋಜಕರೆಂದೇ ಭಾವಿಸಿದ್ದರು. ಯಂತ್ರವು ಅವರಿಗೆ ಏನನ್ನು ಕೊಟ್ಟಿತು, ಏನನ್ನು ಕೊಡಲಾಗಲಿಲ್ಲ ಎಂಬುದನ್ನು ಅವರ ಜೀವಿತಕಾಲದ ಘಟನೆಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಯಂತ್ರ ಮತ್ತು ಸಂಸ್ಥೆ

ವಿದ್ಯುನ್ಮಾನ ವಾದ್ಯಗಳ ಇತಿಹಾಸವು ಮೊದಲಿನ ಹಂತದಲ್ಲಿ ಸಂಸ್ಥೆಗಳ ಇತಿಹಾಸವೇ ಆಗಿದೆ. ರಷ್ಯಾದ ಲೆವ್ ಥೆರೆಮಿನ್ ೧೯೨೦ರ ಸುಮಾರಿಗೆ ಮುಟ್ಟದೆಯೇ ನುಡಿಸುವ ವಾದ್ಯವನ್ನು ನಿರ್ಮಿಸಿದರು. ಫ್ರಾನ್ಸಿನ ಮೋರಿಸ್ ಮಾರ್ತನೋ ೧೯೨೮ರಲ್ಲಿ ತಮ್ಮ ವಾದ್ಯವನ್ನು ಪ್ರದರ್ಶಿಸಿದರು. ಇವು ವ್ಯಕ್ತಿಗಳ ಸಾಧನೆಗಳು. ಆದರೆ ಎರಡನೆಯ ಮಹಾಯುದ್ಧದ ಅನಂತರ ಸಂಯೋಜನೆಗೆ ಬೇಕಾದ ಯಂತ್ರಗಳು ರೇಡಿಯೋ ನಿಲಯಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಂಡವು. ಪಿಯರ್ ಶೇಫರ್ ೧೯೪೮ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಮುದ್ರಿತ ಧ್ವನಿಗಳನ್ನು ಜೋಡಿಸಿ ಕೃತಿಗಳನ್ನು ರಚಿಸಿದರು. ಜರ್ಮನಿಯ ಕಲೋನ್ ನಗರದ ರೇಡಿಯೋ ನಿಲಯದಲ್ಲಿ ೧೯೫೦ರ ದಶಕದ ಆರಂಭದಲ್ಲಿ ಸ್ಟುಡಿಯೋ ಸ್ಥಾಪನೆಯಾಯಿತು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಒಂದು ಕೋಣೆಯನ್ನೇ ತುಂಬುವ ಸಿಂಥಸೈಜರನ್ನು ಹೊಂದಿದ್ದವು.

ಭಾರತದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ೧೯೬೯ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಸಿಂಥಸೈಜರ್ ಬಂದು ನೆಲೆಸಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ಸಂಸ್ಥೆಯ ಒಳಗಿದ್ದವರಿಗೆ ಯಂತ್ರ. ಹೊರಗಿದ್ದವರಿಗೆ ಅದರ ವಾರ್ತೆ. ಹೊರಗಿದ್ದ ಒಬ್ಬ ಬಾಲಕನು ಆ ಲೋಕಕ್ಕೆ ಹೇಗೆ ಪ್ರವೇಶ ಪಡೆದನೆಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

೨. ಧ್ವನಿಮುದ್ರಿಕೆಯೇ ಗುರು

ಝಪ್ಪಾ ಅವರು ೧೯೪೦ರ ಡಿಸೆಂಬರ್ ೨೧ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ ಜನಿಸಿದರು. ತಂದೆ ಸಿಸಿಲಿಯ ಮೂಲದವರು. ರಕ್ಷಣಾ ಇಲಾಖೆಗೆ ಸಂಬಂಧಿಸಿದ ಉದ್ಯೋಗದಲ್ಲಿದ್ದರು. ಕುಟುಂಬವು ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗಿ, ಊರಿಂದ ಊರಿಗೆ ಬದಲಾಯಿಸುತ್ತ, ಕೊನೆಗೆ ಮೊಹಾವಿ ಮರುಭೂಮಿಯ ಅಂಚಿನ ಲ್ಯಾಂಕಾಸ್ಟರ್ ಎಂಬಲ್ಲಿ ನೆಲೆಸಿತು. ಮನೆಯಲ್ಲಿ ಸಂಗೀತದ ಪರಂಪರೆಯೇನೂ ಇರಲಿಲ್ಲ. ಬಾಲಕನು ಹನ್ನೆರಡರ ಸುಮಾರಿನಲ್ಲಿ ಡ್ರಮ್ ಬಾರಿಸಲು ಕಲಿಯತೊಡಗಿದನು. ಸ್ವರಲಿಪಿಯ ಪುಟಗಳು ಅವನಿಗೆ ಮೊದಲು ಚಿತ್ರಗಳಂತೆ ಆಕರ್ಷಕವಾಗಿ ಕಂಡವು. ಹೇಗೆ ಧ್ವನಿಸುತ್ತದೆಂಬುದು ತಿಳಿಯದೆಯೇ ಅವನು ಸ್ವರಚಿಹ್ನೆಗಳನ್ನು ಬರೆದು, ಓದಬಲ್ಲವರ ಬಳಿ ಒಯ್ದು ನುಡಿಸಿ ತೋರಿಸುವಂತೆ ಕೇಳುತ್ತಿದ್ದನು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಒಂದು ಪತ್ರಿಕಾ ಲೇಖನ. 'ಲುಕ್' ಪತ್ರಿಕೆಯಲ್ಲಿ ಧ್ವನಿಮುದ್ರಿಕೆಗಳ ವ್ಯಾಪಾರಿಯೊಬ್ಬನ ಚಾತುರ್ಯವನ್ನು ಹೊಗಳುತ್ತ, ಎದ್ಗಾರ್ ವರೇಜ್ ಎಂಬುವರ ಕರ್ಕಶ ಸಂಗೀತವನ್ನು ಕೂಡ ಅವನು ಮಾರಬಲ್ಲನೆಂದು ಬರೆಯಲಾಗಿತ್ತು. ನಿಂದೆಯ ರೂಪದಲ್ಲಿ ಬಂದ ಈ ವರ್ಣನೆ ಬಾಲಕನಿಗೆ ಆಹ್ವಾನವಾಗಿ ಕಂಡಿತು. ಬಹುಕಾಲ ಹುಡುಕಿದ ಮೇಲೆ ಲಾ ಮೇಸಾ ಎಂಬ ಊರಿನ ಅಂಗಡಿಯಲ್ಲಿ ಆ ಮುದ್ರಿಕೆ ದೊರೆಯಿತು. ಧ್ವನಿಯಂತ್ರಗಳ ಗುಣವನ್ನು ಗಿರಾಕಿಗಳಿಗೆ ಕೇಳಿಸಿ ತೋರಿಸಲು ಅಂಗಡಿಯವರು ಅದನ್ನು ಬಳಸುತ್ತಿದ್ದರು. ಪೂರ್ತಿ ಬೆಲೆ ಕೊಡುವಷ್ಟು ಹಣ ಬಾಲಕನ ಬಳಿ ಇರಲಿಲ್ಲ. ಇದ್ದಷ್ಟಕ್ಕೇ ಅವರು ಕೊಟ್ಟರು.

ಫ್ರಾನ್ಸಿನಲ್ಲಿ ೧೮೮೩ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವರೇಜ್ ಅವರು ಹೊಸ ನಾದಗಳ ಅನ್ವೇಷಕರು. ಅವರ 'ಅಯೋನಿಜಾಸಿಯೋಂ' ಹದಿಮೂರು ಮಂದಿ ತಾಳವಾದ್ಯಗಾರರಿಗಾಗಿ ರಚಿತವಾದ ಕೃತಿ. ಅದರಲ್ಲಿ ಸೈರನ್‌ಗಳೂ ವಾದ್ಯಗಳಾಗಿವೆ. ೧೯೩೩ರಲ್ಲಿ ನ್ಯೂಯಾರ್ಕಿನಲ್ಲಿ ನಿಕೊಲಾಸ್ ಸ್ಲೋನಿಮ್ಸ್ಕಿ ಅವರ ನಿರ್ದೇಶನದಲ್ಲಿ ಅದು ಮೊದಲು ಪ್ರದರ್ಶನಗೊಂಡಿತು. ತಮ್ಮ ಕಲ್ಪನೆಯ ನಾದಗಳನ್ನು ಉತ್ಪಾದಿಸಬಲ್ಲ ವಿದ್ಯುತ್ ವಾದ್ಯಗಳಿಗಾಗಿ ವರೇಜ್ ದಶಕಗಳ ಕಾಲ ಕಾದರು. ಟೇಪ್ ಬಳಸಿದ 'ದೆಸೇರ್' ೧೯೫೪ರಲ್ಲಿ ಬರುವ ವೇಳೆಗೆ ಅವರಿಗೆ ಎಪ್ಪತ್ತು ದಾಟಿತ್ತು. ೧೯೫೮ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಅವರ 'ಪೊಯೆಮ್ ಎಲೆಕ್ಟ್ರೋನಿಕ್' ಕೇಳಿಬಂದಿತು. ಕಲ್ಪನೆ ಮುಂದೆ, ವಾದ್ಯ ಹಿಂದೆ: ಇದೇ ಅವರ ಜೀವನದ ವಿಷಾದ.

ಹದಿನೈದನೆಯ ಹುಟ್ಟುಹಬ್ಬಕ್ಕೆ ಏನು ಬೇಕೆಂದು ತಾಯಿ ಕೇಳಿದಾಗ ಝಪ್ಪಾ ಕೇಳಿದ್ದು ನ್ಯೂಯಾರ್ಕಿಗೆ ಒಂದು ದೂರವಾಣಿ ಕರೆಯನ್ನು. ವರೇಜ್ ಅಂದು ಮನೆಯಲ್ಲಿರಲಿಲ್ಲ. ಅವರ ಪತ್ನಿ ಲೂಯಿಸ್ ಮಾತನಾಡಿದರು. ಮುಂದೆ ವರೇಜ್ ಅವರೊಡನೆಯೂ ದೂರವಾಣಿಯಲ್ಲಿ ಮಾತುಕತೆ ನಡೆಯಿತು. ೧೯೫೭ರಲ್ಲಿ ಅವರಿಂದ ಒಂದು ಚಿಕ್ಕ ಪತ್ರವೂ ಬಂದಿತು. ಆ ಪತ್ರಕ್ಕೆ ಝಪ್ಪಾ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ವರೇಜ್ ೧೯೬೫ರಲ್ಲಿ ನಿಧನರಾದರು. ಇಬ್ಬರೂ ಮುಖಾಮುಖಿ ಭೇಟಿಯಾಗಲೇ ಇಲ್ಲ. ಏಕಲವ್ಯನ ಕಥೆಯನ್ನು ಬಲ್ಲ ನಮಗೆ ಈ ಸಂಬಂಧದ ಸ್ವರೂಪ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೇ: ಇಲ್ಲಿ ಮಣ್ಣಿನ ಪ್ರತಿಮೆಯ ಸ್ಥಾನದಲ್ಲಿ ಇದ್ದುದು ತಿರುಗುವ ತಟ್ಟೆ, ಗುರುವು ದಕ್ಷಿಣೆಯನ್ನು ಕೇಳಲಿಲ್ಲ.

ಮಿಕ್ಕ ವಿದ್ಯೆ ಗ್ರಂಥಾಲಯಗಳಿಂದ ಬಂದಿತು. ಸ್ಟ್ರಾವಿನ್ಸ್ಕಿ, ವೆಬರ್ನ್ ಮೊದಲಾದವರ ಕೃತಿಗಳನ್ನು ಝಪ್ಪಾ ಕೇಳಿ ಕಲಿತರು. ಪ್ರೌಢಶಾಲೆಯ ಸಂಗೀತ ಶಿಕ್ಷಕರು ಅವರ ಪ್ರಶ್ನೆಗಳಿಗೆ ಉತ್ತರಿಸಿದರು, ಶಾಲೆಯ ವಾದ್ಯವೃಂದದಿಂದ ಅವರ ಬರಹವನ್ನು ನುಡಿಸುವ ಅವಕಾಶವನ್ನೂ ಕೊಟ್ಟರು. ಕಾಲೇಜಿನಲ್ಲಿ ಅಲ್ಪಕಾಲ ಹಾರ್ಮನಿಯ ಪಾಠ ಕೇಳಿದ್ದುಂಟು. ಆದುದರಿಂದ 'ಸ್ವಯಂಶಿಕ್ಷಿತ' ಎಂಬ ಪದಕ್ಕೆ ಯಾರ ನೆರವೂ ಇಲ್ಲದೆ ಕಲಿತವನೆಂದು ಅರ್ಥ ಮಾಡಬಾರದು. ಏನನ್ನು, ಯಾವ ಕ್ರಮದಲ್ಲಿ, ಯಾರಿಂದ ಕಲಿಯಬೇಕೆಂಬುದನ್ನು ತಾನೇ ನಿರ್ಧರಿಸಿದವನೆಂಬುದೇ ಇಲ್ಲಿ ಸರಿಯಾದ ಅರ್ಥ.

೩. ಟೇಪ್ ಯಂತ್ರದ ಕಾಲ

ಹದಿಹರೆಯದಿಂದಲೇ ವಾದ್ಯವೃಂದಕ್ಕಾಗಿ ಬರೆಯುತ್ತಿದ್ದ ಝಪ್ಪಾ ಅವರಿಗೆ ತಮ್ಮ ರಚನೆಗಳ ಸಾರ್ವಜನಿಕ ಕಛೇರಿಯನ್ನು ನಡೆಸಲು ಸಾಧ್ಯವಾದದ್ದು ೧೯೬೩ರಲ್ಲಿ, ಲಾಸ್ ಏಂಜಲೀಸ್‌ನ ಮೌಂಟ್ ಸೇಂಟ್ ಮೇರೀಸ್ ಕಾಲೇಜಿನಲ್ಲಿ. ಅದೇ ವರ್ಷ ಅವರು ದೂರದರ್ಶನದ ಜನಪ್ರಿಯ ಕಾರ್ಯಕ್ರಮವೊಂದರಲ್ಲಿ ಬೈಸಿಕಲ್ಲನ್ನು ವಾದ್ಯವಾಗಿ ನುಡಿಸಿದರು. ಪ್ರೇಕ್ಷಕರಿಗೆ ಅದು ವಿನೋದ. ಸೈರನ್ನನ್ನು ವಾದ್ಯವೆಂದು ಒಪ್ಪಿದ್ದ ವರೇಜ್ ಅವರ ಶಿಷ್ಯನಿಗೆ ಅದು ವಿನೋದವೂ ಹೌದು, ವಿಚಾರವೂ ಹೌದು.

೧೯೬೪ರಲ್ಲಿ ಕ್ಯಾಲಿಫೋರ್ನಿಯಾದ ಕುಕಮಾಂಗಾ ಎಂಬ ಊರಿನ ಸಣ್ಣ ಧ್ವನಿಮುದ್ರಣಾಲಯವನ್ನು ಅವರು ವಹಿಸಿಕೊಂಡರು. ಅದರ ಸ್ಥಾಪಕ ಪಾಲ್ ಬಫ್ ತಾವೇ ನಿರ್ಮಿಸಿದ್ದ ಐದು ಪಥಗಳ ಟೇಪ್ ಯಂತ್ರ ಅಲ್ಲಿತ್ತು. ಒಂದು ವಾದ್ಯವನ್ನು ಮುದ್ರಿಸಿ, ಅದರ ಮೇಲೆ ಇನ್ನೊಂದನ್ನು, ಮತ್ತೊಂದನ್ನು ಸೇರಿಸುತ್ತ ಹೋದರೆ ಒಬ್ಬನೇ ವ್ಯಕ್ತಿ ಒಂದು ಮೇಳವಾಗಬಹುದು ಎಂಬುದನ್ನು ಝಪ್ಪಾ ಅಲ್ಲಿ ಅನುಭವದಿಂದ ತಿಳಿದರು. ಬ್ಲೇಡಿನಿಂದ ಟೇಪನ್ನು ಕತ್ತರಿಸಿ ಅಂಟಿಸುವುದೂ ಸಂಯೋಜನೆಯ ಒಂದು ಕ್ರಮವಾಯಿತು.

'ದಿ ಮದರ್ಸ್ ಆಫ್ ಇನ್ವೆನ್ಶನ್' ತಂಡದೊಡನೆ ೧೯೬೬ರಲ್ಲಿ ಹೊರತಂದ 'ಫ್ರೀಕ್ ಔಟ್' ಅವರಿಗೆ ಹೆಸರು ತಂದಿತು. ಅದರ ಹೊದಿಕೆಯಲ್ಲಿ, ಗ್ರಂಥಾಲಯಕ್ಕೆ ಹೋಗಿ ಸ್ವತಃ ಕಲಿಯಿರೆಂದು ಅವರು ಯುವ ಓದುಗರಿಗೆ ಹೇಳಿದರು. 'ಲಂಪಿ ಗ್ರೇವಿ' ಎಂಬ ಮುಂದಿನ ಕೃತಿಯಲ್ಲಿ (೧೯೬೮) ವಾದ್ಯವೃಂದದ ಸಂಗೀತವನ್ನೂ ಮಾನವ ಸಂಭಾಷಣೆಯನ್ನೂ ಕತ್ತರಿಸಿ ಜೋಡಿಸಲಾಗಿದೆ. ಈ ಸಂಭಾಷಣೆಗಳ ಮುದ್ರಣಕ್ಕೆ ಅವರು ಅನುಸರಿಸಿದ ವಿಧಾನ ಗಮನಾರ್ಹ. ದೊಡ್ಡ ಪಿಯಾನೋದ ಮುಚ್ಚಳದ ಕೆಳಗೆ ಜನರನ್ನು ತಲೆಯಿಟ್ಟು ಮಾತನಾಡಿಸಿ, ತಂತಿಗಳು ಮುಕ್ತವಾಗಿ ಮಿಡಿಯುವಂತೆ ಪೆಡಲನ್ನು ಒತ್ತಿಹಿಡಿಸಿದ್ದರು. ಸಿತಾರಿನ ತರಬು ತಂತಿಗಳು ಮುಖ್ಯ ಸ್ವರಕ್ಕೆ ಓಗೊಡುವಂತೆ ಪಿಯಾನೋದ ತಂತಿಗಳು ಮಾತಿಗೆ ಓಗೊಟ್ಟವು.

೪. ವಾದ್ಯವೃಂದದ ಬಾಗಿಲಲ್ಲಿ

ಪ್ರಸಿದ್ಧಿಯೂ ಹಣವೂ ಬಂದ ಮೇಲೆ ಝಪ್ಪಾ ಮತ್ತೆ ವಾದ್ಯವೃಂದದ ಕಡೆಗೆ ತಿರುಗಿದರು. ೧೯೭೦ರ ಮೇ ೧೫ರಂದು ಮುಂಬಯಿಯಲ್ಲಿ ಜನಿಸಿದ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ವೃಂದವು ಝಪ್ಪಾ ತಂಡದೊಡನೆ ಅವರ ರಚನೆಗಳನ್ನು ನುಡಿಸಿತು. ೧೯೭೧ರಲ್ಲಿ '೨೦೦ ಮೋಟೆಲ್ಸ್' ಚಿತ್ರಕ್ಕಾಗಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ವೃಂದ ಒದಗಿತು.

ಈ ಸಂಗೀತ ನುಡಿಸಲು ಕಠಿಣವಾಗಿತ್ತು; ಕಾಠಿಣ್ಯದ ಮೂಲ ಲಯದಲ್ಲಿತ್ತು. ಮಾತಿನ ಸಹಜ ಏರಿಳಿತದಂತೆ ಓಡುವ ಗತಿಗಳನ್ನು ಝಪ್ಪಾ ಬರೆಯುತ್ತಿದ್ದರು: ನಾಲ್ಕಕ್ಷರದ ಅವಧಿಯಲ್ಲಿ ಐದು, ಅದರೊಳಗೆ ಒಂದು ಭಾಗದಲ್ಲಿ ಮತ್ತೆ ಬೇರೆ ನಡೆ. ಖಂಡ ನಡೆ, ಮಿಶ್ರ ನಡೆಗಳನ್ನು ಕೈಬೆರಳಿನಲ್ಲಿ ಎಣಿಸಿ ಬೆಳೆದ ನಮ್ಮ ಮೃದಂಗ ವಿದ್ವಾಂಸರಿಗೆ ಇದು ತತ್ತ್ವತಃ ಹೊಸದಲ್ಲ. ಕರ್ನಾಟಕ ಸಂಗೀತದ ಹಿನ್ನೆಲೆಯ ಪಿಟೀಲುವಾದಕ ಎಲ್. ಶಂಕರ್ ಅವರು ೧೯೭೦ರ ದಶಕದ ಕೊನೆಯಲ್ಲಿ ಝಪ್ಪಾ ಅವರೊಡನೆ ನುಡಿಸಿದ್ದುಂಟು. ಶಂಕರ್ ಅವರ 'ಟಚ್ ಮಿ ದೇರ್' (೧೯೭೯) ಮುದ್ರಿಕೆಯ ನಿರ್ಮಾಪಕರು ಝಪ್ಪಾ. ಆದರೆ ಪಾಶ್ಚಾತ್ಯ ವಾದ್ಯವೃಂದದ ವಾದಕನಿಗೆ ಇಂತಹ ಲಯಗಳ ನಿತ್ಯಾಭ್ಯಾಸವಿರಲಿಲ್ಲ. ಅವನ ಮುಂದೆ ಇರುತ್ತಿದ್ದುದು ಮಸಿಯಿಂದ ಕಪ್ಪಾದ ಪುಟ, ಅಭ್ಯಾಸಕ್ಕೆ ಕೆಲವೇ ಗಂಟೆಗಳು. ಡ್ರಮ್ ವಾದ್ಯಕ್ಕಾಗಿ ರಚಿಸಿದ ಒಂದು ಕೃತಿಗೆ ಝಪ್ಪಾ 'ಕಪ್ಪು ಪುಟ' ಎಂಬರ್ಥದ ಹೆಸರನ್ನೇ ಕೊಟ್ಟಿದ್ದರು.

೧೯೮೩ರ ಜನವರಿಯಲ್ಲಿ ಅವರು ಸ್ವಂತ ಹಣದಿಂದ ಲಂಡನ್ ಸಿಂಫನಿ ವೃಂದವನ್ನು ಗೊತ್ತುಮಾಡಿ, ಆಗ ಇನ್ನೂ ತರುಣರಾಗಿದ್ದ ಕೆಂಟ್ ನಗಾನೋ ಅವರ ನಿರ್ದೇಶನದಲ್ಲಿ ತಮ್ಮ ಕೃತಿಗಳನ್ನು ಮುದ್ರಿಸಿದರು. ವಾದಕರು ನುರಿತವರು, ಆದರೂ ಕಾಲ ಸಾಲಲಿಲ್ಲ. ತಪ್ಪು ಸ್ವರಗಳನ್ನು ಮರೆಸಲು ಝಪ್ಪಾ ಮುದ್ರಣವನ್ನು ಪದೇ ಪದೇ ಕತ್ತರಿಸಿ ಜೋಡಿಸಬೇಕಾಯಿತು. ಜೀವಮಾನದ ಆಸೆ ಕೈಗೂಡಿದಾಗಲೂ ಕಿವಿಗೆ ಬಿದ್ದುದು ತಾನು ಬರೆದುದಲ್ಲ ಎಂಬ ಅತೃಪ್ತಿ ಅವರಲ್ಲಿ ಉಳಿಯಿತು.

೫. ಸಿಂಕ್ಲಾವಿಯರ್

ಈ ವೇಳೆಗೆ ಅವರ ಕೈಗೆ ಹೊಸ ವಾದ್ಯವೊಂದು ಬಂದಿತ್ತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸಂಯೋಜಕ ಜಾನ್ ಆಪಲ್ಟನ್, ಸಿಡ್ನಿ ಅಲೋಂಜೋ ಮತ್ತು ಕ್ಯಾಮರಾನ್ ಜೋನ್ಸ್ ೧೯೭೦ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ 'ಸಿಂಕ್ಲಾವಿಯರ್' ರೂಪುಗೊಂಡಿತು. ವರ್ಮಾಂಟ್ ರಾಜ್ಯದ ನ್ಯೂ ಇಂಗ್ಲೆಂಡ್ ಡಿಜಿಟಲ್ ಸಂಸ್ಥೆ ಅದನ್ನು ತಯಾರಿಸಿತು. ಇದು ಮೂಲತಃ ಸಂಗೀತಕ್ಕಾಗಿಯೇ ನಿರ್ಮಿಸಿದ ಗಣಕ. ಒಂದು ಕಂಪನದ ಆವರ್ತವನ್ನು ಇನ್ನೊಂದು ಕಂಪನದಿಂದ ವೇಗವಾಗಿ ಬದಲಾಯಿಸಿ ಅದು ಹೊಸ ನಾದಗಳನ್ನು ಸೃಷ್ಟಿಸುತ್ತಿತ್ತು. ಮುಂದೆ ನೈಜ ವಾದ್ಯದ ಧ್ವನಿಯನ್ನು ಮುದ್ರಿಸಿ, ಅಂಕಿಗಳ ರೂಪದಲ್ಲಿ ಶೇಖರಿಸಿ, ಬೇಕಾದ ಸ್ಥಾಯಿಯಲ್ಲಿ ಬೇಕಾದ ವೇಗದಲ್ಲಿ ನುಡಿಸುವ ಸೌಲಭ್ಯವೂ ಸೇರಿತು.

ಝಪ್ಪಾ ಅವರಿಗೆ ಅದು ಏಕಕಾಲದಲ್ಲಿ ಮೂರು ಕೆಲಸಗಳನ್ನು ಮಾಡಿತು. ಮೊದಲನೆಯದಾಗಿ, ಬರೆದ ಸ್ವರಗಳನ್ನು ಆ ಕ್ಷಣದಲ್ಲಿಯೇ ನುಡಿಸಿ ತೋರಿಸುವ ವಾದ್ಯವೃಂದವಾಯಿತು. ಎರಡನೆಯದಾಗಿ, ಅದೇ ಸ್ವರಗಳನ್ನು ಲಿಪಿಯಾಗಿ ಮುದ್ರಿಸಿಕೊಡುವ ಪ್ರತಿಕಾರನಾಯಿತು. ಮೂರನೆಯದು ಬಹು ಮುಖ್ಯವಾದುದು: ಕಾಗದದ ಮೇಲಿನ ಊಹೆಗೂ ಕಿವಿಯ ಅನುಭವಕ್ಕೂ ಇರುವ ಅಂತರವನ್ನು ಅಂದಂದೇ ತೋರಿಸುವ ಶಿಕ್ಷಕನಾಯಿತು. ಬಾಲ್ಯದಲ್ಲಿ ಸ್ವರಚಿತ್ರಗಳನ್ನು ಹಿಡಿದು ಓದಬಲ್ಲವರನ್ನು ಹುಡುಕಿಕೊಂಡು ಅಲೆದವನಿಗೆ, ಓದಿ ಹೇಳುವವನು ನಲವತ್ತು ದಾಟಿದ ಮೇಲೆ ಮನೆಯಲ್ಲಿಯೇ ದೊರೆತಂತಾಯಿತು.

೧೯೮೪ರಲ್ಲಿ ಹೊರಬಂದ 'ದಿ ಪರ್ಫೆಕ್ಟ್ ಸ್ಟ್ರೇಂಜರ್' ಈ ಸ್ಥಿತ್ಯಂತರದ ಸಾಕ್ಷಿ. ಫ್ರಾನ್ಸಿನ ಸಂಯೋಜಕ ಪಿಯರ್ ಬೂಲೆಜ್ ಅವರು ತಮ್ಮ ವೃಂದದಿಂದ ಝಪ್ಪಾ ಅವರ ಮೂರು ಕೃತಿಗಳನ್ನು ನುಡಿಸಿದರು. ಅವುಗಳ ಪ್ರಥಮ ಪ್ರದರ್ಶನ ಅದೇ ವರ್ಷದ ಜನವರಿ ೯ರಂದು ಪ್ಯಾರಿಸ್ಸಿನಲ್ಲಿ ನಡೆಯಿತು. ಮುದ್ರಿಕೆಯ ಉಳಿದ ನಾಲ್ಕು ಕೃತಿಗಳನ್ನು ಒಂದು ವಿಚಿತ್ರ ಹೆಸರಿನ ಮೇಳ ನುಡಿಸಿದಂತೆ ನಮೂದಿಸಲಾಗಿದೆ. ಆ ಮೇಳ ಬೇರಾರೂ ಅಲ್ಲ, ಸಿಂಕ್ಲಾವಿಯರ್. ಸಂಗೀತ ಮತ್ತು ಗಣಕವಿಜ್ಞಾನಗಳ ಸಂಶೋಧನೆಗಾಗಿ ಫ್ರಾನ್ಸ್ ಸರ್ಕಾರದ ಬೆಂಬಲದಿಂದ ಸ್ಥಾಪಿತವಾದ ಇರ್ಕಾಮ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬೂಲೆಜ್ ಅವರಿಂದ ಇಲ್ಲಿ ಬಂದುದು ಜೀವಂತ ವಾದಕರ ಸಂಗೀತ. ಯಾವ ಸಂಸ್ಥೆಗೂ ಸೇರದ ಝಪ್ಪಾ ಅವರಿಂದ ಬಂದುದು ಯಂತ್ರದ ಸಂಗೀತ. ಯಂತ್ರವು ಸಂಸ್ಥೆಯ ಗೋಡೆಗಳಿಂದ ಹೊರಬಂದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಅದೇ ವರ್ಷ ವಿಶ್ವವಿದ್ಯಾಲಯಗಳ ಸಂಯೋಜಕರ ಸಮ್ಮೇಳನವೊಂದರಲ್ಲಿ ಪ್ರಧಾನ ಭಾಷಣ ಮಾಡಿದ ಝಪ್ಪಾ, ತಾವು ಅವರ ಲೋಕಕ್ಕೆ ಸೇರಿದವರಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು.

೧೯೮೬ರ 'ಜಾಜ್ ಫ್ರಮ್ ಹೆಲ್' ಮುದ್ರಿಕೆಯಲ್ಲಿ ಒಂದು ಗಿಟಾರ್ ವಾದನವನ್ನು ಬಿಟ್ಟರೆ ಉಳಿದುದೆಲ್ಲವೂ ಸಿಂಕ್ಲಾವಿಯರ್ ಸಂಗೀತ. ಇದಕ್ಕೆ ೧೯೮೮ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ವಿಶೇಷವೆಂದರೆ ಪ್ರಶಸ್ತಿ ದೊರೆತದ್ದು ರಾಕ್ ವಾದ್ಯಸಂಗೀತದ ವಿಭಾಗದಲ್ಲಿ. ಇಂತಹ ರಚನೆಗಳನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದು ಅಂದಿನ ಸಂಗೀತಲೋಕಕ್ಕೆ ಸ್ಪಷ್ಟವಾಗಿರಲಿಲ್ಲ.

೬. ಯಂತ್ರದ ಮಿತಿ

ಯಂತ್ರವು ಮನುಷ್ಯನನ್ನು ಅನವಶ್ಯಕಗೊಳಿಸಿತೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಝಪ್ಪಾ ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿರುವ ಒಂದು ಪ್ರಸಂಗವನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಕ್ಯಾಲಿಫೋರ್ನಿಯಾದ ಒಂದು ಸಮಕಾಲೀನ ಸಂಗೀತ ತಂಡವು ಅವರಿಂದ ಕೃತಿಯೊಂದನ್ನು ಕೇಳಿ ಪಡೆಯಿತು. ಅಭ್ಯಾಸಕ್ಕೆ ಕಾಲ ಸಾಲದಾದಾಗ, ಸಿಂಕ್ಲಾವಿಯರಿನ ಮುದ್ರಣವನ್ನು ಧ್ವನಿವರ್ಧಕದಿಂದ ಕೇಳಿಸಿ, ವಾದಕರು ನುಡಿಸುವಂತೆ ಅಭಿನಯಿಸಿದರೆ ಸಾಕೆಂದು ಅವರು ಸೂಚಿಸಿದರು. ಹಾಗೆಯೇ ನಡೆಯಿತು. ಸಭೆಯಲ್ಲಿದ್ದ ಬಲ್ಲವರು ಕೂಡ ಇದನ್ನು ಗುರುತಿಸಲಿಲ್ಲ. ಸತ್ಯಾಂಶ ಹೊರಬಿದ್ದಾಗ ದೊಡ್ಡ ಗದ್ದಲವಾಯಿತು.

ಈ ಪ್ರಸಂಗವನ್ನು ಯಂತ್ರದ ವಿಜಯವೆಂದು ಓದುವವರಿದ್ದಾರೆ. ಆದರೆ ಅದು ತೋರಿಸಿಕೊಡುವುದು ಸಭೆಯ ಕಿವಿಯ ಮಿತಿಯನ್ನೇ ಹೊರತು ಯಂತ್ರದ ಪೂರ್ಣತೆಯನ್ನಲ್ಲ. ಯಂತ್ರವು ನಿಖರವಾಗಿ ನುಡಿಸುತ್ತಿತ್ತು, ನಿಜ. ಒಂದು ಸ್ವರವನ್ನು ಒತ್ತಿಹೇಳಿ ಇನ್ನೊಂದನ್ನು ಹಗುರವಾಗಿ ಬಿಡುವ, ಪಕ್ಕದವನ ಉಸಿರನ್ನು ಗಮನಿಸಿ ತನ್ನ ನಾದವನ್ನು ಹೊಂದಿಸಿಕೊಳ್ಳುವ ವಿವೇಕವನ್ನು ಅದಕ್ಕೆ ಸ್ವರಸ್ವರಕ್ಕೂ ಹೇಳಿಕೊಡಬೇಕಿತ್ತು. ಒಂದು ನಿಮಿಷದ ಸಂಗೀತವನ್ನು ತಿದ್ದಲು ಬಹುಕಾಲ ಹಿಡಿಯುತ್ತಿತ್ತು. ಹದಿನೆಂಟನೆಯ ಶತಮಾನದ ಇಟಲಿಯ ಫ್ರಾಂಚೆಸ್ಕೊ ಝಪ್ಪಾ ಎಂಬ ಸಂಯೋಜಕರ ಕೃತಿಗಳನ್ನು ಅವರು ೧೯೮೪ರಲ್ಲಿ ಯಂತ್ರದಿಂದ ನುಡಿಸಿ ಹೊರತಂದರು. ಆ ಮುದ್ರಿಕೆಯನ್ನು ಕೇಳಿದವರಿಗೆ ಸ್ವರಗಳು ಸರಿಯಾಗಿದ್ದರೂ ಪ್ರಾಣವಾಯು ಸಾಲದೆಂಬ ಭಾವನೆ ಬಾರದಿರದು.

ಮತ್ತೊಂದು ಮಿತಿ ಆರ್ಥಿಕವಾದುದು. ಸಿಂಕ್ಲಾವಿಯರ್ ಸಾಮಾನ್ಯ ಸಂಗೀತಗಾರನ ಕೈಗೆಟಕುವ ವಸ್ತುವಾಗಿರಲಿಲ್ಲ. ಅದರ ಪೂರ್ಣ ವ್ಯವಸ್ಥೆಗೆ ಲಕ್ಷಾಂತರ ಡಾಲರುಗಳು ತಗಲುತ್ತಿದ್ದವು. ಸಂಸ್ಥೆಗಳ ಹಂಗನ್ನು ತೊರೆಯಲು ಝಪ್ಪಾ ಅವರಿಗೆ ಸಾಧ್ಯವಾದುದು ರಾಕ್ ಕಛೇರಿಗಳ ಮತ್ತು ಮುದ್ರಿಕೆಗಳ ಸಂಪಾದನೆಯಿಂದ. ಆದುದರಿಂದ ಅವರ ಸ್ವಾತಂತ್ರ್ಯವನ್ನು ಯಂತ್ರದ ವರವೆಂದು ಮಾತ್ರ ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು.

೭. ಮರಳಿ ಮನುಷ್ಯರ ಕೈಗೆ

೧೯೯೦ರಲ್ಲಿ ಝಪ್ಪಾ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಈ ಅವಧಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ 'ಎನ್ಸೆಂಬಲ್ ಮಾಡರ್ನ್' ತಂಡವು ಅವರ ಸಂಗೀತದ ಪೂರ್ಣ ಕಛೇರಿಯೊಂದನ್ನು ನಡೆಸಲು ಮುಂದೆ ಬಂದಿತು. ೧೯೯೧ರಲ್ಲಿ ತಂಡದ ವಾದಕರು ಲಾಸ್ ಏಂಜಲೀಸ್‌ಗೆ ಬಂದು ಎರಡು ವಾರಗಳ ಕಾಲ ಅವರೊಡನೆ ಅಭ್ಯಾಸ ಮಾಡಿದರು. ಝಪ್ಪಾ ಅವರು ತಮ್ಮ ಸಂಗ್ರಹಕ್ಕಾಗಿ ಅವರ ವಾದ್ಯಗಳ ನಾದಗಳನ್ನೂ ಮುದ್ರಿಸಿಕೊಂಡರು. ವೃಂದವು ಗಡಿಯಾರ ನೋಡಿ ಎದ್ದುಹೋಗುವ ಲಂಡನ್ನಿನ ಅನುಭವಕ್ಕೆ ಇದು ತದ್ವಿರುದ್ಧವಾಗಿತ್ತು. ಇಲ್ಲಿ ವಾದಕರು ಸಂಯೋಜಕನ ಮನೆಬಾಗಿಲಿಗೆ ಬಂದು ಅವನಿಂದ ಕಲಿತರು. ನಾವು ಗುರುಮುಖೇನ ಪಾಠವೆಂದು ಕರೆಯುವುದು ಇದನ್ನೇ.

೧೯೯೨ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್, ಬರ್ಲಿನ್ ಮತ್ತು ವಿಯೆನ್ನಾ ನಗರಗಳಲ್ಲಿ ಪೀಟರ್ ರುಂಡೆಲ್ ಅವರ ನಿರ್ದೇಶನದಲ್ಲಿ 'ದಿ ಯೆಲ್ಲೋ ಶಾರ್ಕ್' ಎಂಬ ಹೆಸರಿನ ಕಛೇರಿಗಳು ನಡೆದವು. ಸಿಂ‌ಕ್ಲಾವಿಯರಿಗೆಂದೇ ರಚಿತವಾದ ಕೆಲವು ಕೃತಿಗಳನ್ನು ಅಲಿ ಆಸ್ಕಿನ್ ಮೊದಲಾದವರು ವೃಂದಕ್ಕೆ ಹೊಂದಿಸಿದ್ದರು. ಅವುಗಳಲ್ಲಿ 'ಜಾಜ್ ಫ್ರಮ್ ಹೆಲ್' ಮುದ್ರಿಕೆಯ 'ಜಿ-ಸ್ಪಾಟ್ ಟೊರ್ನೇಡೋ' ಒಂದು. ಅದರ ವೇಗವನ್ನೂ ಲಯವನ್ನೂ ಮಾನವ ವಾದಕರು ನಿಭಾಯಿಸಲಾರರೆಂದು ಸ್ವತಃ ಝಪ್ಪಾ ಭಾವಿಸಿದ್ದರು. ಫ್ರಾಂಕ್‌ಫರ್ಟಿನ ವೇದಿಕೆಯ ಮೇಲೆ ಆ ವಾದಕರು ಅದನ್ನು ನುಡಿಸಿದರು. ರೋಗದಿಂದ ಬಳಲಿದ್ದ ಸಂಯೋಜಕರು ತಾವೇ ನಿಂತು ಕೈಯಾಡಿಸಿ ನಿರ್ದೇಶಿಸಿದರು. ಅನಾರೋಗ್ಯದ ಕಾರಣ ಉಳಿದ ಊರುಗಳ ಕಛೇರಿಗಳಿಗೆ ಅವರು ಹೋಗಲಾಗಲಿಲ್ಲ.

ಮನುಷ್ಯರಿಗೆ ಅಸಾಧ್ಯವೆಂದು ಯಂತ್ರಕ್ಕೆ ಒಪ್ಪಿಸಿದ ಸಂಗೀತವು ಆರು ವರ್ಷಗಳಲ್ಲಿ ಮನುಷ್ಯರ ಕೈಗೆ ಮರಳಿತು. ಇದರಲ್ಲಿ ಯಂತ್ರದ ಸೋಲನ್ನು ಕಾಣಬೇಕಾಗಿಲ್ಲ. ಯಂತ್ರದ ಮುದ್ರಣವಿಲ್ಲದಿದ್ದರೆ ಆ ಸಂಗೀತ ಹೇಗಿರಬೇಕೆಂಬುದು ವಾದಕರಿಗೂ ತಿಳಿಯುತ್ತಿರಲಿಲ್ಲ. ಅಸಾಧ್ಯವೆಂದು ಕಂಡುದನ್ನು ಒಮ್ಮೆ ಕಿವಿಗೆ ಕೇಳಿಸಿದುದು ಯಂತ್ರದ ಉಪಕಾರ. ಕೇಳಿದುದನ್ನು ಸಾಧಿಸಿದುದು ಅಭ್ಯಾಸದ ಬಲ.

ತಮ್ಮ ಕೊನೆಯ ವರ್ಷದಲ್ಲಿ ಝಪ್ಪಾ ಎರಡು ಕೆಲಸಗಳಲ್ಲಿ ತೊಡಗಿದ್ದರು. ಒಂದು, 'ಸಿವಿಲೈಜೇಶನ್ ಫೇಜ್ ತ್ರೀ' ಎಂಬ ಬೃಹತ್ ಸಿಂಕ್ಲಾವಿಯರ್ ಕೃತಿ. ೧೯೬೭ರಲ್ಲಿ ಪಿಯಾನೋದೊಳಗೆ ಮುದ್ರಿಸಿದ್ದ ಸಂಭಾಷಣೆಗಳೂ ಜರ್ಮನ್ ವಾದಕರಿಂದ ಸಂಗ್ರಹಿಸಿದ ನಾದಗಳೂ ಅದರಲ್ಲಿ ಒಂದುಗೂಡಿವೆ. ಇನ್ನೊಂದು, ೧೯೯೩ರಲ್ಲಿ ಅದೇ ತಂಡದಿಂದ ವರೇಜ್ ಅವರ ಕೃತಿಗಳನ್ನು ನುಡಿಸಿ ಮಾಡಿದ ಧ್ವನಿಮುದ್ರಣ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ ಕಡಿಮೆ ಬೆಲೆಗೆ ಕೊಂಡ ಮುದ್ರಿಕೆಯ ಋಣ ಹೀಗೆ ತೀರಿತು. 'ದಿ ಯೆಲ್ಲೋ ಶಾರ್ಕ್' ಮುದ್ರಿಕೆ ಹೊರಬಂದ ಕೆಲವೇ ವಾರಗಳಲ್ಲಿ, ೧೯೯೩ರ ಡಿಸೆಂಬರ್ ೪ರಂದು, ಅವರು ಕೊನೆಯುಸಿರೆಳೆದರು. 'ಸಿವಿಲೈಜೇಶನ್' ಅವರ ಮರಣಾನಂತರ, ೧೯೯೪ರ ಕೊನೆಯಲ್ಲಿ ಪ್ರಕಟವಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸ್ವಯಂಶಿಕ್ಷಿತ ಸಂಯೋಜಕನಿಗೆ ವಿದ್ಯುನ್ಮಾನ ವಾದ್ಯವು ಪರಂಪರೆಯಿಂದ ಬಿಡುಗಡೆಯನ್ನು ಕೊಡಲಿಲ್ಲ. ಪರಂಪರೆಯನ್ನು ಪ್ರವೇಶಿಸಲು ಮತ್ತೊಂದು ದಾರಿಯನ್ನು ಕೊಟ್ಟಿತು. ಗುರುಮುಖದ ತಿದ್ದುಪಡಿ ದೊರೆಯದವನಿಗೆ ತನ್ನ ತಪ್ಪನ್ನು ತಾನೇ ಕೇಳಿ ತಿದ್ದಿಕೊಳ್ಳುವ ಸಾಧನವಾಯಿತು. ಅವನ ರಚನೆ ಕಾಗದದಲ್ಲಿಯೇ ಉಳಿದು ಮುಪ್ಪಾಗುವುದನ್ನು ತಪ್ಪಿಸಿತು. ವಾದ್ಯಕ್ಕಾಗಿ ಕಾದು ವೃದ್ಧರಾದ ವರೇಜ್ ಅವರಿಗೆ ದೊರೆಯದ ಭಾಗ್ಯ ಅವರ ಶಿಷ್ಯನಿಗೆ ದೊರೆಯಿತು.

ಝಪ್ಪಾ ಅವರ ಕಾಲದಲ್ಲಿ ಲಕ್ಷಾಂತರ ಡಾಲರು ಬೆಲೆಬಾಳುತ್ತಿದ್ದ ಯಂತ್ರದ ಕೆಲಸವನ್ನು ಇಂದು ಸಾಧಾರಣ ಗಣಕವೇ ಮಾಡುತ್ತದೆ. ಮೈಸೂರಿನ ಅಥವಾ ಧಾರವಾಡದ ತರುಣನೊಬ್ಬ ತನ್ನ ಕೋಣೆಯಲ್ಲಿ ಕುಳಿತು ವಾದ್ಯವೃಂದವನ್ನು ಕಲ್ಪಿಸಿ ಕೇಳಬಹುದು. ಅವನಿಗೆ ಝಪ್ಪಾ ಅವರ ಬದುಕು ಹೇಳುವ ಮಾತು ಎರಡು ಬಗೆಯದು. ಯಾವ ಸಂಸ್ಥೆಯ ಅನುಮತಿಗೂ ಕಾಯದೆ ಕಲಿಯಲು ತೊಡಗಬಹುದು ಎಂಬುದು ಒಂದು. ಯಂತ್ರದಲ್ಲಿ ಕೇಳಿದ ಸಂಗೀತವನ್ನು ಎಂದಾದರೊಂದು ದಿನ ಅದನ್ನು ಕಲಿಯುವಷ್ಟು ತಾಳ್ಮೆಯುಳ್ಳ ಮನುಷ್ಯರ ಮುಂದೆ ಇಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಂದು ಬೇಕಾದ ಸೌಲಭ್ಯವಿದೆ. ಎರಡನೆಯದಕ್ಕೆ ಬೇಕಾದ ವಾದಕರನ್ನೂ ಕಾಲವನ್ನೂ ಒದಗಿಸುವುದು ಇಂದಿಗೂ ಸಮಾಜದ ಮತ್ತು ಸಂಗೀತ ಸಂಸ್ಥೆಗಳ ಹೊಣೆಯಾಗಿಯೇ ಉಳಿದಿದೆ.